‘ಅಪ್ರೂವ್ಡ್’ ಎಂದಷ್ಟೇ ಬರೆದರೆ ಸಾಲದು: ಒಪ್ಪಿಗೆ ಪತ್ರದ ಇಂಗ್ಲಿಷ್ ಒಕ್ಕಣೆ

ರಜೆ ಕೇಳುವ ಪತ್ರ, ಗಡುವು ಮುಂದೂಡುವಂತೆ ಕೋರುವ ಪತ್ರ ಬರೆಯುವುದು ಹೇಗೆಂದು ಶಾಲೆಯಲ್ಲೇ ಕಲಿಸಿಬಿಡುತ್ತಾರೆ. ಆ ಪತ್ರಕ್ಕೆ ‘ಆಗಲಿ’ ಎಂದು ಉತ್ತರಿಸುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಕುರ್ಚಿ ಸಿಕ್ಕ ಮೇಲೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಇರಬೇಕು. ಹಾಗೆ ತಾನಾಗಿ ಬರುವ ಇಂಗ್ಲಿಷ್ ಎರಡು ಬಗೆಯದು. ಒಂದೋ ‘ಓಕೆ’ ಎಂಬ ಒಂದೇ ಪದ. ಇಲ್ಲವೇ ‘ಇಟ್ ಗಿವ್ಸ್ ಮಿ ಇಮೆನ್ಸ್ ಪ್ಲೆಷರ್’ ಎಂದು ಶುರುವಾಗಿ, ಒಪ್ಪಿದ್ದಾರೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ಹುಡುಕಬೇಕಾದ ಆರು ಸಾಲು.

ಒಪ್ಪಿಗೆಯ ಪತ್ರವನ್ನು ಕೇಳಿದವರೊಬ್ಬರೇ ಓದುವುದಿಲ್ಲ ಎಂಬುದು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. ಲೆಕ್ಕಪತ್ರ ವಿಭಾಗದವರು ಅದನ್ನು ನೋಡಿ ಹಣ ಬಿಡುಗಡೆ ಮಾಡುತ್ತಾರೆ, ಸಿಬ್ಬಂದಿ ವಿಭಾಗದವರು ರಜೆ ಕಳೆಯುತ್ತಾರೆ, ವರ್ಷದ ಕೊನೆಗೆ ಆಡಿಟ್‌ನವರು ‘ಇದಕ್ಕೆ ಯಾರು ಒಪ್ಪಿದ್ದು, ಎಷ್ಟಕ್ಕೆ ಒಪ್ಪಿದ್ದು’ ಎಂದು ಕೇಳುತ್ತಾರೆ. ಇವರಲ್ಲಿ ಯಾರಿಗೂ ನಿಮ್ಮ ಹಿಂದಿನ ಮಾತುಕತೆ ಗೊತ್ತಿರುವುದಿಲ್ಲ. ಆದ್ದರಿಂದ ಯಾವ ಕೋರಿಕೆ, ಏನು ತೀರ್ಮಾನ, ಎಷ್ಟಕ್ಕೆ ಅಥವಾ ಎಲ್ಲಿಯವರೆಗೆ, ಮುಂದೆ ಯಾರು ಏನು ಮಾಡಬೇಕು ಎಂಬುದಷ್ಟೂ ಆ ಪತ್ರವೊಂದರಲ್ಲೇ ಸಿಗಬೇಕು. ಉದಾಹರಣೆಗೆ:

‘ಥ್ಯಾಂಕ್ ಯು ಫಾರ್ ಯುವರ್ ಇಮೇಲ್ ಆಫ್ 2 ಜೂನ್. ಯುವರ್ ರಿಕ್ವೆಸ್ಟ್ ಫಾರ್ ಫೈವ್ ಡೇಸ್ ಆಫ್ ಆನ್ಯುಅಲ್ ಲೀವ್, ಫ್ರಮ್ 10 ಟು 14 ಜೂನ್ ಇನ್‌ಕ್ಲೂಸಿವ್, ಈಸ್ ಅಪ್ರೂವ್ಡ್. ಪ್ಲೀಸ್ ಹ್ಯಾಂಡ್ ಓವರ್ ಎನಿ ಪೆಂಡಿಂಗ್ ವರ್ಕ್ ಬೈ 9 ಜೂನ್.’

ಮೂರೇ ವಾಕ್ಯ. ಔಪಚಾರಿಕತೆಗೆ ಇಲ್ಲಿ ಏನೂ ಕೊರತೆಯಾಗಿಲ್ಲ. ಉದ್ದ ಬರೆದಷ್ಟೂ ಗೌರವ ಹೆಚ್ಚುತ್ತದೆ ಎಂಬುದು ಹಳೆಯ ಗುಮಾಸ್ತಗಿರಿಯ ಭ್ರಮೆ.

ಮೊದಲ ಸಾಲಿನಲ್ಲಿ ಯಾವ ಪತ್ರಕ್ಕೆ ಉತ್ತರ ಎಂಬುದು ಬರಬೇಕು. ಮೊದಲ ಸಲ ಉತ್ತರಿಸುವಾಗ ‘ಇನ್ ರೆಸ್ಪಾನ್ಸ್ ಟು ಯುವರ್ ಲೆಟರ್ ಆಫ್’ ಅಥವಾ ‘ವಿತ್ ರೆಫರೆನ್ಸ್ ಟು’. ಈಗಾಗಲೇ ಮಾತುಕತೆ ನಡೆದು, ಅದರ ಮುಂದುವರಿಕೆಯಾಗಿ ಬರೆಯುತ್ತಿದ್ದರೆ ‘ಫರ್ದರ್ ಟು ಅವರ್ ಡಿಸ್ಕಷನ್ ಆಫ್’. ‘ವಿತ್ ರೆಫರೆನ್ಸ್ ಟು ದ ಟ್ರೇಲಿಂಗ್ ಮೇಲ್’ ಎಂದು ಬರೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ಮುದ್ರಿಸಿ ಕಡತಕ್ಕೆ ಸೇರಿಸಿದ ದಿನ ಆ ಕೆಳಗಿನ ಮೇಲ್ ಜೊತೆಗಿರುತ್ತದೆ ಎಂಬ ಖಾತರಿಯಿಲ್ಲ. ದಿನಾಂಕ ಮತ್ತು ವಿಷಯ ಬರೆದುಬಿಟ್ಟರೆ ಆ ತಾಪತ್ರಯವಿಲ್ಲ.

ಕ್ರಿಯಾಪದದ ಆಯ್ಕೆ

ಪತ್ರದ ಜೀವ ಇರುವುದು ಇಲ್ಲಿ. ‘ಅಪ್ರೂವ್’ ಎಲ್ಲ ಕಡೆ ಸಲ್ಲುವ ಪದ. ರಜೆ, ವೆಚ್ಚ, ಯೋಜನೆ, ವಿನ್ಯಾಸ ಯಾವುದಕ್ಕೂ ಆದೀತು. ಆದರೆ ಅದರ ಬೆನ್ನಿಗೆ ‘ಆಫ್’ ಅಂಟಿಸಿದರೆ ಅರ್ಥವೇ ಬೇರೆ. ‘ಐ ಅಪ್ರೂವ್ ಯುವರ್ ಪ್ಲಾನ್’ ಎಂದರೆ ಮಂಜೂರು ಮಾಡಿದ್ದೇನೆ; ‘ಐ ಅಪ್ರೂವ್ ಆಫ್ ಯುವರ್ ಪ್ಲಾನ್’ ಎಂದರೆ ಯೋಜನೆ ನನಗೆ ಮೆಚ್ಚುಗೆಯಾಗಿದೆ, ಅಷ್ಟೇ. ಎರಡನೆಯದನ್ನು ನಂಬಿ ಯಾರಾದರೂ ಖರ್ಚು ಮಾಡಿಬಿಟ್ಟರೆ ಜಗಳ ಖಚಿತ. ‘ಅಪ್ರೂವ್ ಫಾರ್ ಯುವರ್ ಲೀವ್’ ಎಂಬುದಂತೂ ಪೂರ್ತಿ ತಪ್ಪು. ‘ಯು ಆರ್ ಅಪ್ರೂವ್ಡ್ ಫಾರ್ ಫೈವ್ ಡೇಸ್’ ಎಂದು ವ್ಯಕ್ತಿಯನ್ನು ಕರ್ತೃವಾಗಿಸಿದಾಗ ‘ಫಾರ್’ ಸರಿಹೋಗುತ್ತದೆ.

‘ಗ್ರಾಂಟ್’ ಇನ್ನೂ ಗಂಭೀರ. ಅನುಮತಿ, ವಿನಾಯಿತಿ, ಕಾಲಾವಕಾಶ ಕೊಡುವಾಗ ಹೊಂದುತ್ತದೆ: ‘ಪರ್ಮಿಷನ್ ಈಸ್ ಗ್ರಾಂಟೆಡ್ ಟು ಯೂಸ್ ದ ಹಾಲ್ ಆನ್ 10 ಜೂನ್.’ ಇಲ್ಲಿ ‘ಎ ಪರ್ಮಿಷನ್’ ಎಂದು ಮುಂದೆ ಒಂದಕ್ಷರ ಸೇರಿಸಬಾರದು. ‘ಆಥರೈಸ್’ ಎಂದರೆ ಅಧಿಕಾರ ಕೊಡುವುದು. ಹಣ ಪಾವತಿಸಲು, ಸಂಸ್ಥೆಯ ಪರವಾಗಿ ಸಹಿ ಹಾಕಲು ಬಿಡುವಾಗ ಇದೇ ಸರಿಯಾದ ಪದ. ‘ಕನ್ಸೆಂಟ್ ಟು’ ಎಂಬುದು ಸ್ವಂತ ಹಕ್ಕನ್ನು ಬಿಟ್ಟುಕೊಡುವ ಸಮ್ಮತಿ: ಫೋಟೊ ಪ್ರಕಟಿಸಲು, ಮಾಹಿತಿ ಹಂಚಿಕೊಳ್ಳಲು, ಚಿಕಿತ್ಸೆಗೆ. ರಜೆಗೆ ಯಾರೂ ಕನ್ಸೆಂಟ್ ಮಾಡುವುದಿಲ್ಲ. ‘ಆಕ್ಸೀಡ್ ಟು ಯುವರ್ ರಿಕ್ವೆಸ್ಟ್’ ತೀರಾ ಮೇಲ್ಮಟ್ಟದ ಔಪಚಾರಿಕ ಬಳಕೆ. ಸ್ವಲ್ಪ ಒತ್ತಾಯಕ್ಕೆ ಮಣಿದು ಒಪ್ಪಿದ ಛಾಯೆಯೂ ಅದರಲ್ಲಿದೆ. ‘ಮೀರು’ ಎಂಬರ್ಥದ ‘ಎಕ್ಸೀಡ್’ ಜೊತೆ ಅದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಹಾಗಾಗಿ ದಿನನಿತ್ಯದ ಪತ್ರಕ್ಕೆ ಅದರ ಸಹವಾಸ ಬೇಡ ಎಂಬುದೇ ನನ್ನ ಸಲಹೆ.

ಹುಷಾರಾಗಿರಬೇಕಾದ್ದು ‘ಸ್ಯಾಂಕ್ಷನ್’ ವಿಷಯದಲ್ಲಿ. ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ ಸಾಲ, ರಜೆ, ಅನುದಾನ ಎಲ್ಲವೂ ಸ್ಯಾಂಕ್ಷನ್ ಆಗುತ್ತವೆ. ಆದರೆ ದಂಡನೆ, ನಿರ್ಬಂಧ ಎಂಬ ಪೂರಾ ವಿರುದ್ಧದ ಅರ್ಥವೂ ಅದೇ ಪದಕ್ಕಿದೆ. ಸುದ್ದಿಯಲ್ಲಿ ಒಂದು ದೇಶ ಇನ್ನೊಂದರ ಮೇಲೆ ಹೇರುವುದು ಇದೇ ಸ್ಯಾಂಕ್ಷನ್. ಹೊರದೇಶದ ಗ್ರಾಹಕರಿಗೆ ‘ಯುವರ್ ಕಂಪನಿ ಹ್ಯಾಸ್ ಬೀನ್ ಸ್ಯಾಂಕ್ಷನ್ಡ್’ ಎಂದು ಹೋದರೆ ಅವರು ವಕೀಲರಿಗೆ ಫೋನ್ ಮಾಡಿಯಾರು. ಅಲ್ಲಿಗೆ ‘ಅಪ್ರೂವ್’ ಸಾಕು.

‘ಅಗ್ರೀ’ ಪದಕ್ಕೆ ಬರುವ ಬಾಲಗಳೂ ಬೇರೆ ಬೇರೆ. ಕೋರಿಕೆಗೆ ಒಪ್ಪುವುದು ‘ಅಗ್ರೀ ಟು’. ವ್ಯಕ್ತಿಯ ಅಭಿಪ್ರಾಯಕ್ಕೆ ಸಹಮತ ಸೂಚಿಸುವುದು ‘ಅಗ್ರೀ ವಿತ್’. ‘ಐ ಅಗ್ರೀ ವಿತ್ ಯುವರ್ ರಿಕ್ವೆಸ್ಟ್’ ಎಂದರೆ ನೀವು ಕೇಳಿದ್ದು ನ್ಯಾಯವೇ ಎಂದಷ್ಟೇ ಹೇಳಿದಂತಾಗುತ್ತದೆ, ಕೊಟ್ಟಂತಾಗುವುದಿಲ್ಲ. ‘ರಿಕ್ವೆಸ್ಟ್’ ಕೂಡ ಹೀಗೆ ಕಾಡುತ್ತದೆ. ನಾಮಪದವಾದರೆ ‘ರಿಕ್ವೆಸ್ಟ್ ಫಾರ್ ಲೀವ್’, ಕ್ರಿಯಾಪದವಾದರೆ ‘ಫಾರ್’ ಇಲ್ಲದೆ ‘ದ ಲೀವ್ ಯು ರಿಕ್ವೆಸ್ಟೆಡ್’. ‘ಯು ಹ್ಯಾವ್ ರಿಕ್ವೆಸ್ಟೆಡ್ ಫಾರ್’ ಎಂದು ಬರೆಯುವವರ ಸಂಖ್ಯೆ ನೋಡಿದರೆ ಇದು ಸದ್ಯಕ್ಕೆ ಸರಿಹೋಗುವ ಲಕ್ಷಣ ಇಲ್ಲ.

‘ನೋ ಅಬ್ಜೆಕ್ಷನ್’ ಎಂಬುದು ಒಪ್ಪಿಗೆಗಿಂತ ಒಂದು ಮೆಟ್ಟಿಲು ಕೆಳಗೆ. ನನ್ನ ಕಡೆಯಿಂದ ಅಡ್ಡಿಯಿಲ್ಲ, ಕೊಡುವ ಅಧಿಕಾರ ಬೇರೆಯವರದು ಎಂಬ ಧ್ವನಿ ಅದಕ್ಕಿದೆ. ಬರೆಯುವಾಗ ‘ಟು’ ನಂತರ ಕ್ರಿಯಾಪದದ ಐಎನ್‌ಜಿ ರೂಪ ಬರಬೇಕು: ‘ಐ ಹ್ಯಾವ್ ನೋ ಅಬ್ಜೆಕ್ಷನ್ ಟು ಯುವರ್ ಅಟೆಂಡಿಂಗ್ ದ ಟ್ರೈನಿಂಗ್.’ ‘ಟು ಅಟೆಂಡ್’ ಎಂದರೆ ತಪ್ಪು.

ಕಾಲ ಮತ್ತು ಕರ್ತೃ

‘ಈಸ್ ಅಪ್ರೂವ್ಡ್’ ಮತ್ತು ‘ಹ್ಯಾಸ್ ಬೀನ್ ಅಪ್ರೂವ್ಡ್’ ಎರಡೂ ಈ ಕ್ಷಣಕ್ಕೆ ಒಪ್ಪಿಗೆ ಇದೆ ಎಂದೇ ಹೇಳುತ್ತವೆ. ‘ವಾಸ್ ಅಪ್ರೂವ್ಡ್’ ಎಂದರೆ ‘ಆಮೇಲೇನಾಯಿತು, ರದ್ದಾಯಿತೇ?’ ಎಂಬ ಪ್ರಶ್ನೆ ಏಳುತ್ತದೆ. ಸಭೆಯ ದಿನಾಂಕ ಜೊತೆಗಿದ್ದರೆ ಅಡ್ಡಿಯಿಲ್ಲ. ‘ವಿಲ್ ಬಿ ಅಪ್ರೂವ್ಡ್’ ಬರಿಯ ಭರವಸೆ. ‘ಮೇ ಬಿ ಅಪ್ರೂವ್ಡ್’ ಎಲ್ಲಕ್ಕಿಂತ ಅಪಾಯಕಾರಿ. ಕಡತದ ಟಿಪ್ಪಣಿಗಳಲ್ಲಿ ಅದು ‘ಒಪ್ಪಬಹುದು’ ಎಂದು ಕೆಳಗಿನವರು ಮೇಲಿನವರಿಗೆ ಮಾಡುವ ಶಿಫಾರಸು. ಒಪ್ಪುವ ಅಧಿಕಾರವಿದ್ದವರೇ ಹಾಗೆ ಬರೆದರೆ ಕಡತ ಮತ್ತೆ ಮೇಲಕ್ಕೆ ಹೋಗಬೇಕೋ ಕೆಳಕ್ಕೆ ಇಳಿಯಬೇಕೋ ಎಂದು ಯಾರಿಗೂ ತಿಳಿಯುವುದಿಲ್ಲ. ಅದೇ ‘ಯು ಮೇ ಪ್ರೊಸೀಡ್’ ಎಂದರೆ ಮಾತ್ರ ಸ್ಪಷ್ಟ ಅನುಮತಿ. ಒಂದೇ ‘ಮೇ’, ಎರಡು ದಾರಿ.

ಕರ್ಮಣಿ ಪ್ರಯೋಗ ಔಪಚಾರಿಕವಾಗಿ ಕೇಳುತ್ತದೆ ನಿಜ, ಆದರೆ ಒಪ್ಪಿದವರು ಯಾರು ಎಂಬುದನ್ನು ನುಂಗಿಹಾಕುತ್ತದೆ. ನೀವೇ ಒಪ್ಪಿದ್ದರೆ ‘ಐ ಅಪ್ರೂವ್’ ಎಂದು ಬರೆಯಲು ಸಂಕೋಚ ಬೇಡ. ಸಮಿತಿ ಒಪ್ಪಿ ನೀವು ತಿಳಿಸುವವರಷ್ಟೇ ಆಗಿದ್ದರೆ ‘ದ ಫೈನಾನ್ಸ್ ಕಮಿಟಿ, ಅಟ್ ಇಟ್ಸ್ ಮೀಟಿಂಗ್ ಆನ್ 6 ಜೂನ್, ಅಪ್ರೂವ್ಡ್…’ ಎಂದೋ, ‘ಐ ಆಮ್ ಆಥರೈಸ್ಡ್ ಟು ಕನ್ಫರ್ಮ್, ಆನ್ ಬಿಹಾಫ್ ಆಫ್…’ ಎಂದೋ ಬರೆಯಿರಿ. ನಾಳೆ ತಕರಾರು ಬಂದರೆ ಹೊಣೆ ಯಾರ ತಲೆಗೆ ಎಂಬುದು ಆ ಒಂದು ತುಂಡಿನಲ್ಲಿ ತೀರ್ಮಾನವಾಗಿರುತ್ತದೆ.

‘ಹಿಯರ್‌ಬೈ’ ಬೇಕೇ? ಈ ಪತ್ರದ ಮೂಲಕವೇ ಕ್ರಿಯೆ ನಡೆಯುತ್ತಿದೆ ಎಂದು ಸಾರುವ ಪದ ಅದು. ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಆಡಿದೊಡನೆ ಕೆಲಸವೂ ಆಗಿಬಿಡುವ ಮಾತುಗಳನ್ನು ಗುರುತಿಸಲು ಇದೇ ಪದವನ್ನು ಒರೆಗಲ್ಲಾಗಿ ಹಿಡಿದಿದ್ದರು. ಆ ಒರೆಗಲ್ಲು ನಮಗೂ ಉಪಯೋಗಕ್ಕೆ ಬರುತ್ತದೆ. ನೀವು ಬರೆದ ವಾಕ್ಯದಲ್ಲಿ ‘ಹಿಯರ್‌ಬೈ’ ಸೇರಿಸಿ ನೋಡಿ. ‘ಐ ಹಿಯರ್‌ಬೈ ಅಪ್ರೂವ್’ ಸರಾಗ ಓಡುತ್ತದೆ; ‘ಐ ಹಿಯರ್‌ಬೈ ಥಿಂಕ್ ಇಟ್ ಈಸ್ ಫೈನ್’ ಎಡವುತ್ತದೆ. ಎಡವಿದರೆ ಅದು ಅಭಿಪ್ರಾಯ, ಒಪ್ಪಿಗೆಯಲ್ಲ. ಪರೀಕ್ಷೆ ಮುಗಿದ ಮೇಲೆ ಪದವನ್ನು ತೆಗೆದುಬಿಡಿ. ಆದೇಶಪತ್ರ, ಅಧಿಕಾರಪತ್ರಗಳನ್ನು ಬಿಟ್ಟರೆ ಇಮೇಲ್‌ನಲ್ಲಿ ಅದು ಜರತಾರಿ ಪೇಟ ತೊಟ್ಟು ತರಕಾರಿಗೆ ಹೋದ ಹಾಗೆ.

ಒಪ್ಪಿಗೆಯಂತೆ ಕಾಣುವ ಒಪ್ಪಿಗೆಯಲ್ಲದವು

‘ನೋಟೆಡ್’ ಎಂದರೆ ಗಮನಿಸಿದೆ, ಅಷ್ಟೇ. ‘ಅಕ್ನಾಲೆಜ್ಡ್’ ಎಂದರೆ ತಲುಪಿತು. ‘ಯುವರ್ ರಿಕ್ವೆಸ್ಟ್ ಹ್ಯಾಸ್ ಬೀನ್ ಕನ್ಸಿಡರ್ಡ್’ ಎಂದರೆ ಪರಿಶೀಲಿಸಿದ್ದಾರೆ, ಫಲಿತಾಂಶ ದೇವರಿಗೇ ಗೊತ್ತು. ‘ರೆಕಮೆಂಡೆಡ್’, ‘ಫಾರ್ವರ್ಡೆಡ್’, ‘ಎಂಡಾರ್ಸ್ಡ್’ ಎಲ್ಲವೂ ಮೇಲಕ್ಕೆ ತಳ್ಳುವ ಪದಗಳು. ‘ಲುಕ್ಸ್ ಗುಡ್’ ಎಂಬುದು ವಿನ್ಯಾಸ ನೋಡಿ ಹೇಳುವ ಮಾತು. ಅದರ ಆಧಾರದ ಮೇಲೆ ಮುದ್ರಣಕ್ಕೆ ಕಳಿಸಿದರೆ, ತಪ್ಪು ಸಿಕ್ಕಾಗ ‘ನಾನು ಫೈನಲ್ ಅಂದಿರಲಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮುದ್ರಣಕ್ಕೆ ಬಿಡುವಾಗ ‘ವರ್ಷನ್ 3 ಈಸ್ ಅಪ್ರೂವ್ಡ್ ಫಾರ್ ಪ್ರಿಂಟ್’ ಎಂದು ಆವೃತ್ತಿಯ ಸಂಖ್ಯೆ ಸಮೇತ ಬರೆಯಬೇಕು.

‘ಫೈನ್ ಫ್ರಮ್ ಮೈ ಸೈಡ್’ ಎಂಬುದೂ ಅರೆಬೆಂದ ಒಪ್ಪಿಗೆ. ನಿಮ್ಮ ಪಾಲು ಯಾವುದು, ಉಳಿದದ್ದು ಯಾರದು ಎಂದು ಬಿಡಿಸಿ ಹೇಳಿ: ‘ಐ ಅಪ್ರೂವ್ ದ ಬಜೆಟ್. ದ ಟೆಕ್ನಿಕಲ್ ಸ್ಪೆಸಿಫಿಕೇಷನ್ ಸ್ಟಿಲ್ ನೀಡ್ಸ್ ಅಪ್ರೂವಲ್ ಫ್ರಮ್ ದ ಎಂಜಿನಿಯರಿಂಗ್ ಟೀಮ್.’

‘ಇನ್ ಪ್ರಿನ್ಸಿಪಲ್ ಅಪ್ರೂವಲ್’ ತಾತ್ವಿಕ ಒಪ್ಪಿಗೆ. ವಿಚಾರಕ್ಕೆ ಹೂಂ ಎಂದಿದ್ದಾರೆ, ಹಣಕ್ಕೆ ಇನ್ನೂ ಅಂದಿಲ್ಲ. ಹೀಗೆ ಕೊಡುವವರು ಮುಂದಿನ ವಾಕ್ಯದಲ್ಲೇ ಬೇಲಿ ಹಾಕಬೇಕು: ‘ಪ್ಲೀಸ್ ಡು ನಾಟ್ ಕಮಿಟ್ ಎನಿ ಎಕ್ಸ್‌ಪೆಂಡಿಚರ್ ಅಂಟಿಲ್ ಫೈನಲ್ ಅಪ್ರೂವಲ್ ಈಸ್ ಇಶ್ಯೂಡ್.’ ಕಾಗುಣಿತದಲ್ಲಿ ಈ ‘ಪ್ರಿನ್ಸಿಪಲ್’ ಎಲ್‌ಇ ಎಂದು ಮುಗಿಯಬೇಕು. ಎಎಲ್ ಎಂದು ಮುಗಿಸಿದರೆ ಪ್ರಾಂಶುಪಾಲರು ಬಂದು ಕೂರುತ್ತಾರೆ. ಕೆಲಸ ನಡೆದುಹೋದ ಮೇಲೆ ಕೊಡುವ ಮಂಜೂರಾತಿಗೆ ‘ಎಕ್ಸ್ ಪೋಸ್ಟ್ ಫ್ಯಾಕ್ಟೊ ಅಪ್ರೂವಲ್’ ಎನ್ನುತ್ತಾರೆ. ಅಲ್ಲಿ ಇಂದಿನ ದಿನಾಂಕ ಹಾಕಿ, ಹಿಂದಿನ ಕೆಲಸದ ದಿನಾಂಕವನ್ನು ಬೇರೆಯಾಗಿ ನಮೂದಿಸುವುದೇ ಕ್ರಮ. ಪತ್ರಕ್ಕೇ ಹಿಂದಿನ ದಿನಾಂಕ ಹಾಕುವುದು ಭಾಷೆಯ ತಪ್ಪಲ್ಲ, ದಾಖಲೆ ತಿದ್ದಿದ ತಪ್ಪು.

ಷರತ್ತು, ಮಿತಿ, ಭಾಗಶಃ ಒಪ್ಪಿಗೆ

ಷರತ್ತು ಹಾಕಲು ‘ಸಬ್ಜೆಕ್ಟ್ ಟು’ ಚೆನ್ನಾಗಿ ಒದಗುತ್ತದೆ. ಅದರ ಮುಂದೆ ನಾಮಪದ ಬರಬೇಕು: ‘ಅಪ್ರೂವ್ಡ್, ಸಬ್ಜೆಕ್ಟ್ ಟು ದ ಅವೈಲಬಿಲಿಟಿ ಆಫ್ ಫಂಡ್ಸ್.’ ಪೂರ್ಣ ವಾಕ್ಯ ಜೋಡಿಸಬೇಕಿದ್ದರೆ ‘ಪ್ರೊವೈಡೆಡ್ ದಟ್’ ಅಥವಾ ‘ಆನ್ ಕಂಡಿಷನ್ ದಟ್’: ‘ಪ್ರೊವೈಡೆಡ್ ದಟ್ ದ ರಿಪೋರ್ಟ್ ಈಸ್ ಸಬ್ಮಿಟೆಡ್ ಬೈ 9 ಜೂನ್.’ ‘ಆನ್ ದ ಅಂಡರ್‌ಸ್ಟ್ಯಾಂಡಿಂಗ್ ದಟ್’ ತುಸು ಮೆದು. ಈಗಾಗಲೇ ಮಾತಾಗಿರುವುದನ್ನು ನೆನಪಿಸುವಂತಿರುತ್ತದೆ. ಷರತ್ತು ಯಾವುದೇ ಇರಲಿ, ಈಡೇರಿತೋ ಇಲ್ಲವೋ ಎಂದು ಮೂರನೆಯವರು ಪರೀಕ್ಷಿಸುವಂತಿರಬೇಕು. ‘ಸಬ್ಜೆಕ್ಟ್ ಟು ಸ್ಯಾಟಿಸ್‌ಫ್ಯಾಕ್ಟರಿ ಪ್ರೋಗ್ರೆಸ್’ ಎಂಬುದು ಷರತ್ತಲ್ಲ, ತೂಗುಗತ್ತಿ.

ದಿನಾಂಕದಲ್ಲಿ ಆಗುವ ಎಡವಟ್ಟುಗಳಿಗೆ ಲೆಕ್ಕವಿಲ್ಲ. 03/06 ಎಂದರೆ ಬ್ರಿಟಿಷ್ ಕ್ರಮದಲ್ಲಿ ಜೂನ್ 3, ಅಮೆರಿಕನ್ ಕ್ರಮದಲ್ಲಿ ಮಾರ್ಚ್ 6. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಯಂತ್ರ ಓದುವ ಕಡತವಾದರೆ ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601 ಕ್ರಮದಂತೆ ವರ್ಷ, ತಿಂಗಳು, ದಿನ. ‘ಟಿಲ್ 14 ಜೂನ್’ ಎಂದರೆ ಹದಿನಾಲ್ಕು ಸೇರಿತೋ ಇಲ್ಲವೋ ಎಂಬ ವಾದ ಹುಟ್ಟುತ್ತದೆ, ‘ಇನ್‌ಕ್ಲೂಸಿವ್’ ಸೇರಿಸಿದರೆ ಮುಗಿಯಿತು. ಕೊಡಬೇಕಾದ ಕೆಲಸಕ್ಕೆ ‘ಬೈ’, ಮುಂದುವರಿಯುವ ಸ್ಥಿತಿಗೆ ‘ಅಂಟಿಲ್’. ಹಾಗಾಗಿ ‘ಸಬ್ಮಿಟ್ ಬೈ ಫ್ರೈಡೇ’, ಆದರೆ ‘ದ ಡೆಡ್‌ಲೈನ್ ಈಸ್ ಎಕ್ಸ್‌ಟೆಂಡೆಡ್ ಅಂಟಿಲ್ ಫ್ರೈಡೇ’. ‘ಮಿಡ್‌ನೈಟ್ ಆನ್ 14 ಜೂನ್’ ಎಂದರೆ ಹದಿನಾಲ್ಕು ಹುಟ್ಟುವ ಹೊತ್ತೋ ಸಾಯುವ ಹೊತ್ತೋ ತಿಳಿಯದು. 23:59 ಎಂದು ಬರೆದು, ಓದುವವರು ಬೇರೆ ದೇಶದಲ್ಲಿದ್ದರೆ ಸಮಯವಲಯವನ್ನೂ ಸೇರಿಸಿ. ‘ವಿದಿನ್ ಸೆವೆನ್ ಡೇಸ್’ ಎಂದರೆ ಯಾವ ದಿನದಿಂದ ಎಂಬುದನ್ನೂ ಹೇಳಬೇಕು.

ಮೊತ್ತಕ್ಕೆ ‘ಅಪ್ ಟು’ ಅಥವಾ ‘ನಾಟ್ ಎಕ್ಸೀಡಿಂಗ್’ ಇದ್ದರೆ ಅದು ಗರಿಷ್ಠ ಮಿತಿ: 50,000ಕ್ಕೆ ಒಪ್ಪಿ 38,000 ಖರ್ಚಾದರೆ ಕೊಡುವುದು 38,000. ಆ ಪದ ಬಿಟ್ಟರೆ ಪೂರ್ತಿ 50,000 ಕೊಡುವ ಮಾತು ಎಂದು ಓದಲು ಅವಕಾಶವಾಗುತ್ತದೆ. ‘ಅಪ್ರಾಕ್ಸಿಮೇಟ್ಲಿ’ ಎಂಬ ಪದ ಮಂಜೂರಾತಿಯ ಹತ್ತಿರ ಸುಳಿಯಕೂಡದು. ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೀಳುವ ಜಾಗವೇ ಬೇರೆ. 1,00,000 ಎಂದು ನಾವು ಬರೆಯುವುದನ್ನು ಹೊರಗಿನವರು 100,000 ಎಂದು ಬರೆಯುತ್ತಾರೆ. ಆದ್ದರಿಂದ ಅಂಕಿಯ ಜೊತೆ ಅಕ್ಷರದಲ್ಲೂ ಬರೆಯುವುದು ಒಳಿತು. ಡಾಲರ್ ಎಂಬ ಹೆಸರಿನ ಹಣ ಹಲವು ದೇಶಗಳಲ್ಲಿರುವುದರಿಂದ ಯಾವ ಹಣ ಎಂದು ತೋರಿಸುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4217ರ ಮೂರಕ್ಷರದ ಸಂಕೇತ ಹಾಕಿ. ತೆರಿಗೆ ಸೇರಿಯೋ ಸೇರದೆಯೋ ಎಂಬುದಕ್ಕೆ ‘ಇನ್‌ಕ್ಲೂಸಿವ್ ಆಫ್ ಟ್ಯಾಕ್ಸ್’ ಅಥವಾ ‘ಎಕ್ಸ್‌ಕ್ಲೂಸಿವ್ ಆಫ್ ಟ್ಯಾಕ್ಸ್’.

ಕೇಳಿದ್ದರಲ್ಲಿ ಸ್ವಲ್ಪ ಮಾತ್ರ ಕೊಡುವಾಗ, ಕೊಟ್ಟದ್ದು ಮೊದಲು, ಕೊಡದ್ದು ಆಮೇಲೆ, ಕಾರಣ ಅದರ ಬೆನ್ನಿಗೇ: ‘ಐ ಕ್ಯಾನ್ ಅಪ್ರೂವ್ ಲೀವ್ ಫ್ರಮ್ 10 ಟು 12 ಜೂನ್ ಇನ್‌ಕ್ಲೂಸಿವ್. ಐ ಆಮ್ ಅನೇಬಲ್ ಟು ಅಪ್ರೂವ್ 13 ಅಂಡ್ 14 ಜೂನ್, ಆ್ಯಸ್ ದ ಆಡಿಟ್ ಟೀಮ್ ವಿಲ್ ಬಿ ಹಿಯರ್.’ ‘ಪಾರ್ಷಿಯಲಿ ಅಪ್ರೂವ್ಡ್’ ಎಂದಷ್ಟೇ ಬರೆದರೆ ಯಾವ ಪಾಲು ಎಂದು ಕೇಳಲು ಇನ್ನೊಂದು ಮೇಲ್ ಬರುತ್ತದೆ. ವಿಶೇಷ ಸಂದರ್ಭವೆಂದು ಒಪ್ಪಿದ್ದರೆ ‘ಆ್ಯಸ್ ಎ ಒನ್-ಆಫ್ ಎಕ್ಸೆಪ್ಷನ್’ ಎಂಬುದು ಸಾಕು. ‘ದಿಸ್ ಶುಡ್ ನಾಟ್ ಬಿ ಟ್ರೀಟೆಡ್ ಆ್ಯಸ್ ಎ ಪ್ರೆಸಿಡೆಂಟ್’ (ಇದನ್ನು ಮುಂದಿನವರಿಗೆ ಮೇಲ್ಪಂಕ್ತಿ ಎಂದು ತಿಳಿಯಬಾರದು) ಎಂಬ ಸಾಲನ್ನು ನಿಜವಾಗಿ ಬೇರೆಯವರೂ ಕೇಳುವ ಸಂಭವವಿದ್ದಾಗ ಮಾತ್ರ ಸೇರಿಸಿ. ಎರಡು ದಿನದ ರಜೆಗೆ ಅದನ್ನು ಬರೆದರೆ ಕೊಟ್ಟೂ ಕೊಡದ ಹಾಗೆ.

ಫೋಟೊ, ಲೇಖನ, ನಕ್ಷೆಗಳ ಬಳಕೆಗೆ ಅನುಮತಿ ಕೊಡುವಾಗ ಮಿತಿಗಳೇ ಪತ್ರದ ಮುಖ್ಯ ಭಾಗ. ‘ನಾನ್-ಎಕ್ಸ್‌ಕ್ಲೂಸಿವ್’ ಎಂದರೆ ಇನ್ನೊಬ್ಬರಿಗೂ ಕೊಡುವ ಹಕ್ಕು ನಮ್ಮಲ್ಲೇ ಉಳಿದಿದೆ. ‘ಒನ್-ಟೈಮ್ ಯೂಸ್’ ಎಂದರೆ ಮರುಮುದ್ರಣಕ್ಕೆ ಮತ್ತೆ ಕೇಳಬೇಕು. ಮುದ್ರಣಕ್ಕೋ ಜಾಲತಾಣಕ್ಕೋ, ಎಷ್ಟು ಕಾಲಕ್ಕೆ, ಹೆಸರು ಹೇಗೆ ಹಾಕಬೇಕು ಎಂಬುದನ್ನು ಸೇರಿಸಿ, ‘ದಿಸ್ ಪರ್ಮಿಷನ್ ಡಸ್ ನಾಟ್ ಎಕ್ಸ್‌ಟೆಂಡ್ ಟು…’ ಎಂದು ಹೊರಗಿಟ್ಟದ್ದನ್ನೂ ಹೇಳಿಬಿಡಿ.

ಯಾರಿಗೆ ಬರೆಯುತ್ತಿದ್ದೀರಿ

‘ಅಪ್ರೂವ್’, ‘ಗ್ರಾಂಟ್’ ಎರಡೂ ಮೇಲಿನಿಂದ ಕೆಳಕ್ಕೆ ಹರಿಯುವ ಪದಗಳು. ಗ್ರಾಹಕರು ಸಭೆಯ ಹೊತ್ತು ಬದಲಿಸಲು ಕೇಳಿದಾಗ ‘ಯುವರ್ ರಿಕ್ವೆಸ್ಟ್ ಈಸ್ ಗ್ರಾಂಟೆಡ್’ ಎಂದರೆ ಸಿಂಹಾಸನದ ಮೇಲೆ ಕೂತು ಹೇಳಿದಂತಿರುತ್ತದೆ. ಅಲ್ಲಿಗೆ ‘ವಿ ವುಡ್ ಬಿ ಗ್ಲ್ಯಾಡ್ ಟು ಅಕಾಮಡೇಟ್ ಯುವರ್ ರಿಕ್ವೆಸ್ಟ್’ ಅಥವಾ ‘ವಿ ಆರ್ ಹ್ಯಾಪಿ ಟು ಮೂವ್ ದ ಮೀಟಿಂಗ್ ಟು…’ ಸರಿ. ಮೇಲಧಿಕಾರಿಯೇ ಏನೋ ಕೇಳಿದರೆ ‘ಸರ್ಟನ್ಲಿ. ಐ ವಿಲ್ ಹ್ಯಾವ್ ಇಟ್ ರೆಡಿ ಬೈ…’ ಸಾಕು. ಅವರಿಗೆ ನಾವು ಅಪ್ರೂವಲ್ ಕೊಡುವುದಿಲ್ಲ. ಸರಿಸಮಾನರಿಗೆ ‘ದಟ್ ವರ್ಕ್ಸ್ ಫಾರ್ ಮಿ. ಪ್ಲೀಸ್ ಗೋ ಅಹೆಡ್.’ ಇದಕ್ಕಿಂತ ಬಿಗಿಯಾದರೆ ಮುನಿಸಿಕೊಂಡಂತೆ ಕಾಣುತ್ತದೆ. ‘ಐ ಡೋಂಟ್ ಮೈಂಡ್’ ಎಂಬುದು ಔದಾರ್ಯವಲ್ಲ, ಉದಾಸೀನ.

‘ಐ ಆಮ್ ಪ್ಲೀಸ್ಡ್ ಟು ಇನ್ಫಾರ್ಮ್ ಯು’ ಎಂಬ ಸಿದ್ಧ ಸಾಲು ನೇಮಕಾತಿಗೆ, ಅನುದಾನಕ್ಕೆ, ಪ್ರವೇಶಕ್ಕೆ ಹೊಂದುತ್ತದೆ. ಮನೆಯಲ್ಲಿ ಸಾವಾಗಿ ರಜೆ ಕೇಳಿದವರಿಗೆ, ಅನಾರೋಗ್ಯಕ್ಕೆ ರಜೆ ಕೇಳಿದವರಿಗೆ ಅದನ್ನು ಕಳಿಸಬಾರದು. ಟೆಂಪ್ಲೇಟ್ ಇಟ್ಟುಕೊಂಡವರು ಹೆಚ್ಚಾಗಿ ಜಾರಿ ಬೀಳುವುದು ಇಲ್ಲೇ. ‘ಐ ಆಮ್ ವೆರಿ ಸಾರಿ ಫಾರ್ ಯುವರ್ ಲಾಸ್. ಯುವರ್ ಲೀವ್ ಈಸ್ ಅಪ್ರೂವ್ಡ್ ಫ್ರಮ್ ಟುಡೇ. ಪ್ಲೀಸ್ ಡು ನಾಟ್ ವರಿ ಅಬೌಟ್ ವರ್ಕ್. ವಿ ವಿಲ್ ಮ್ಯಾನೇಜ್ ಹಿಯರ್.’ ಆ ದಿನ ಫಾರ್ಮ್ ತುಂಬಿಸುವ ಮಾತು, ಹಸ್ತಾಂತರದ ಪಟ್ಟಿ ಯಾವುದೂ ಬೇಡ.

ಕೊನೆಯ ಸಾಲಿಗೆ ‘ಕೈಂಡ್ಲಿ ಡು ದ ನೀಡ್‌ಫುಲ್’ ಅಂಟಿಸುವುದು ಹಳೆಯ ಚಾಳಿ. ಬೇಕಾದದ್ದು ಏನು ಎಂಬುದೇ ಅದರಲ್ಲಿಲ್ಲ. ‘ಪ್ಲೀಸ್ ರಿಲೀಸ್ ದ ಅಡ್ವಾನ್ಸ್ ಬೈ 12 ಜೂನ್’ ಎಂದು ಯಾರಿಗೆ ಹೇಳಬೇಕೋ ಅವರನ್ನು ಹೆಸರಿಸಿ ಹೇಳಿ. ‘ಅಪ್ರೂವ್ ದ ಸೇಮ್’ ಎಂಬಲ್ಲಿ ‘ಇಟ್’ ಸಾಕು. ‘ರಿವರ್ಟ್’ ಎಂದರೆ ಉತ್ತರಿಸು ಎಂಬರ್ಥ ನಮ್ಮಲ್ಲಿ ನಡೆಯುತ್ತದೆ, ಹೊರಗಿನವರಿಗೆ ಹಿಂದಿನ ಸ್ಥಿತಿಗೆ ಮರಳು ಎಂದಾಗುತ್ತದೆ. ಒಪ್ಪಿದ್ದನ್ನು ಹಿಂತೆಗೆದುಕೊಳ್ಳುತ್ತಿದ್ದೀರಾ ಎಂದು ಅವರು ಬೆದರಬಹುದು.

ಕಳಿಸಿಯಾದ ಮೇಲೆ ದಿನಾಂಕವೋ ಮೊತ್ತವೋ ತಪ್ಪಿದೆ ಎಂದು ಗೊತ್ತಾದರೆ ತಿದ್ದುಪಡಿಯ ತುಣುಕನ್ನಷ್ಟೇ ಕಳಿಸಬೇಡಿ. ಎರಡು ಪತ್ರ ಜೋಡಿಸಿ ಓದುವ ತಾಳ್ಮೆ ಯಾರಿಗೂ ಇಲ್ಲ, ಹಳೆಯದೇ ಕಡತಕ್ಕೆ ಹೋಗುವ ಅಪಾಯವೂ ಇದೆ. ‘ದಿಸ್ ಸೂಪರ್‌ಸೀಡ್ಸ್ ಮೈ ಇಮೇಲ್ ಆಫ್ 3 ಜೂನ್’ ಎಂದು ಮೊದಲ ಸಾಲಿನಲ್ಲೇ ಹೇಳಿ ಪೂರ್ತಿ ಒಪ್ಪಿಗೆಯನ್ನು ಹೊಸದಾಗಿ ಬರೆಯಿರಿ. ಸೂಪರ್‌ಸೀಡ್ ಕಾಗುಣಿತದಲ್ಲಿ ಸಿ ಇಲ್ಲ, ಎರಡೂ ಕಡೆ ಎಸ್. ಹಳೆಯ ಮೇಲ್‌ಗೆ ಪ್ರತಿ ಹೋದವರೆಲ್ಲರಿಗೂ ಹೊಸದರ ಪ್ರತಿಯೂ ಹೋಗಲಿ, ಲೆಕ್ಕಪತ್ರ ವಿಭಾಗದವರಿಗಂತೂ ತಪ್ಪದೆ.